ಅತ್ತಿಗೆಯ ಕೈಗುಣ

ನಾನು ಆಡುತ್ತಿದ್ದ ಆಟದ ಹೆಸರು ಬಯಾಥ್ಲಾನ್. ಓಡಬೇಕು, ಓಡಿ ಬಂದ ಏದುಸಿರಿನಲ್ಲೇ ನೆಲಕ್ಕೆ ಬಿದ್ದು ಐದು ಗುಂಡು ಹೊಡೆಯಬೇಕು, ಎದ್ದು ಮತ್ತೆ ಓಡಬೇಕು. ಹಿಮ ಬೀಳುವ ದೇಶಗಳಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು, ಜಾರಿಕೊಂಡು ಹೋಗಿ ಇದನ್ನು ಆಡುತ್ತಾರೆ. ನಮ್ಮ ಕೈಲಾಂಚ ಹೋಬಳಿಯಲ್ಲಿ ಹಿಮ ಎಲ್ಲಿಂದ ತರುವುದು? ನಾನು ಕ್ಯಾನ್ವಾಸ್ ಶೂ ಹಾಕಿಕೊಂಡು ರಾಗಿ ಹೊಲದ ಬದುವಿನ ಮೇಲೆ ಓಡಿ ಕಲಿತೆ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ಕಾಲವೂ ಒಂದಿತ್ತು. ಈಗ ಯಾರಾದರೂ ನನ್ನ ಹಳೆಯ ಪದಕದ ಸುದ್ದಿ ಎತ್ತಿದರೆ ಮಾತು ಬದಲಿಸುತ್ತೇನೆ. ಯಾಕೆಂದು ಬರೆಯುವುದಕ್ಕೇ ಕೂತಿದ್ದೇನೆ.

ಆಟ ಕಲಿಸಿದವರು ರಾಮನಗರದಲ್ಲಿ ನಾನು ಓದುತ್ತಿದ್ದ ಕಾಲೇಜಿನ ಪಿ.ಟಿ. ಮೇಷ್ಟ್ರು. ಸೈನ್ಯದಲ್ಲಿದ್ದಾಗ ಹಿಮದ ಗುಡ್ಡಗಳಲ್ಲಿ ವರ್ಷಗಟ್ಟಲೆ ಕಾವಲು ಕಾದವರು, ಅಲ್ಲೇ ಈ ಹುಚ್ಚು ಹಿಡಿಸಿಕೊಂಡು ಬಂದವರು. "ಮೊದ್ಲು ಓಡೋದು, ಹೊಡಿಯೋದು ಕಲೀರಿ. ಜಾರೋದು ಹಿಮ ಕಂಡ ಮೇಲೆ ತಾನಾಗೇ ಬತ್ತದೆ," ಅನ್ನುತ್ತಿದ್ದರು. ನಾಲ್ಕು ಜನ ಹುಡುಗಿಯರು ಸೇರಿದೆವು. ಎರಡು ವಾರಕ್ಕೆ ಮೂವರು ಬಿಟ್ಟರು, ಉಳಿದವಳು ನಾನೊಬ್ಬಳೇ. ಆಟದ ಮೇಲಿನ ಪ್ರೀತಿಯಿಂದ ಅಲ್ಲ. ನೀನೂ ಬಿಟ್ಟು ಹೋಗುವವಳೇ ಅಂತ ಮೇಷ್ಟ್ರು ಒಂದು ದಿನ ಎಲ್ಲರೆದುರು ನಕ್ಕಿದ್ದರು, ಅದಕ್ಕೇ ಬಿಡಲಿಲ್ಲ. ಮೂಗಿನ ತುದಿಯ ಕೋಪ ನನಗೆ ಹುಟ್ಟಿನಿಂದಲೇ ಬಂದದ್ದು.

ಬೆಳಿಗ್ಗೆ ನನ್ನ ಪುಸ್ತಕದ ಚೀಲ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಹೋಗುತ್ತಿತ್ತು, ನಾನು ಹಿಂದಿನಿಂದ ಓಡುತ್ತ ಹೋಗುತ್ತಿದ್ದೆ. ರಾಮನಗರ ಹತ್ತಿರವಾಯಿತು ಅಂತ ಮೂಗಿಗೇ ಗೊತ್ತಾಗುತ್ತಿತ್ತು. ಆಗ ಬೀದಿ ಬೀದಿಯಲ್ಲೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕಾಲ, ಊರಿಗೆ ಊರೇ ಬೆಂದ ಹುಳದ ವಾಸನೆ. ಮೈದಾನದಲ್ಲಿ ಮೇಷ್ಟ್ರು ಒಂದು ಹಳೆಯ ಏರ್ ರೈಫಲ್ ಇಟ್ಟುಕೊಂಡು ಕಾಯುತ್ತಿದ್ದರು. ಓಡಿ ಬಂದವಳ ಎದೆ ಡವಡವ ಹೊಡೆದುಕೊಳ್ಳುವಾಗ ಕೊಳವೆಯ ತುದಿಯೂ ಅದರ ಜೊತೆ ಕುಣಿಯುತ್ತದೆ. ಉಸಿರು ಪೂರ್ತಿ ಬಿಟ್ಟು, ಮುಂದಿನ ಉಸಿರು ಎಳೆಯುವ ಮೊದಲಿನ ಆ ಒಂದು ಚಣದಲ್ಲಿ ಬೆರಳು ಒತ್ತಬೇಕು. ಗುರಿ ತಪ್ಪಿದರೆ ಬೈಗುಳವಿಲ್ಲ, ಮೈದಾನದ ಮೂಲೆಯಲ್ಲಿದ್ದ ಹುಣಸೆಮರಕ್ಕೆ ಒಂದು ಸುತ್ತು ಹೆಚ್ಚಿಗೆ ಓಡಿ ಬರಬೇಕು. ಎಷ್ಟು ತಪ್ಪೋ ಅಷ್ಟು ಸುತ್ತು. ಮೊದಲ ತಿಂಗಳು ನಾನು ಆ ಮರಕ್ಕೆ ಹಾಕಿದಷ್ಟು ಪ್ರದಕ್ಷಿಣೆಯನ್ನು ಯಾವ ದೇವರಿಗೂ ಹಾಕಿಲ್ಲ.

ಮನೆಯಲ್ಲಿ ಇದೆಲ್ಲ ಸಲೀಸಾಗಿ ನಡೆಯುವ ಹಾಗಿರಲಿಲ್ಲ. ರೇಷ್ಮೆ ನಮ್ಮ ಕಡೆಯ ಮನೆಗಳನ್ನೆಲ್ಲ ಎತ್ತಿ ನಿಲ್ಲಿಸಿದ ಕಾಲ ಅದು. ಹೆಂಚಿನ ಮನೆಗಳು ತಾರಸಿಯಾದವು, ಹೊಸ್ತಿಲ ಮುಂದೆ ಮೊಪೆಡ್ ಬಂತು. ನಮ್ಮ ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ, ನಾನು, ಆಮೇಲೆ ಹುಳ. ಹುಳವೇ ಯಜಮಾನ. ಹುಳ ದೊಡ್ಡದಾಗುತ್ತ ಬಂದಂತೆ ನಡುಮನೆ, ಕೋಣೆ ಎಲ್ಲ ಅದಕ್ಕೆ ಬಿಟ್ಟುಕೊಟ್ಟು ನಾವು ಜಗಲಿಗೆ ಬರುತ್ತಿದ್ದೆವು. ಅದರ ಹತ್ತಿರ ಬೀಡಿ ಸೇದುವಂತಿಲ್ಲ, ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಗಿಡಕ್ಕೆ ಹೊಡೆಯುವ ಔಷಧಿ, ತಿಗಣೆ ಪುಡಿ, ಇರುವೆ ಪುಡಿ ಇಂಥವುಗಳ ಹೆಸರನ್ನೂ ಎತ್ತುವಂತಿಲ್ಲ. ಇದು ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು, ನನಗೂ ಚೆನ್ನಾಗಿ ಗೊತ್ತಿತ್ತು.

ಮುಟ್ಟಾದ ಹೆಂಗಸು ಹುಳದ ಮನೆಯ ಹೊಸ್ತಿಲು ದಾಟಬಾರದು ಅನ್ನುವುದೂ ಒಂದಿತ್ತು. ಆ ಮೂರು ದಿನ ಕೊಟ್ಟಿಗೆ ಪಕ್ಕದ ಚಪ್ಪರದಲ್ಲಿ ಕೂರಬೇಕು.

ಅತ್ತಿಗೆ ಉಯ್ಯಂಬಳ್ಳಿ ಕಡೆಯಿಂದ ಬಂದವಳು. ಅಲ್ಲಿ ಅವರದು ಕುರಿ, ರಾಗಿಯ ಬದುಕು. ರೇಷ್ಮೆಯ ಗಂಧ ಗಾಳಿ ಇಲ್ಲದೆ ಬಂದವಳು ಒಂದೇ ವರ್ಷದಲ್ಲಿ ಅವ್ವನನ್ನೇ ಮೀರಿಸಿದಳು. ತಟ್ಟೆಯ ಮೇಲೆ ಅಂಗೈ ಆಡಿಸಿ, ಹುಳ ಹಸಿದಿದೆಯೋ ಜ್ವರಕ್ಕೆ ಕೂತಿದೆಯೋ ಹೇಳುತ್ತಿದ್ದಳು. ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ಸುಮ್ಮನೆ ಕೂರುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ಅವಳು ಹಿಪ್ಪುನೇರಳೆ ಸೊಪ್ಪು ಹಾಕಿದ ಬೆಳೆ ಕೆಟ್ಟದ್ದೇ ಇಲ್ಲ. ಬೇರೆ ಮನೆಯವರು ಮೊಟ್ಟೆ ಒಡೆದು ಮರಿ ಬಂದಾಗ, ಮೊದಲ ಸೊಪ್ಪನ್ನು ಅವಳ ಕೈಯಲ್ಲೇ ಹಾಕಿಸಲು ಬಂದು ಕರೆದುಕೊಂಡು ಹೋಗುತ್ತಿದ್ದರು. ಕೈಗುಣ ಅನ್ನುತ್ತಿದ್ದರು. ಯಾರಾದರೂ ಹಾಗೆ ಕರೆಯಲು ಬಂದ ದಿನ ಅತ್ತಿಗೆ ಗಂಜಿ ಹಾಕಿದ ಸೀರೆ ಉಟ್ಟು, ತಲೆ ಬಾಚಿಕೊಂಡು ಹೊರಡುತ್ತಿದ್ದಳು. ತವರಿನಿಂದ ಒಡವೆ ತಂದವಳಲ್ಲ, ಓದಿದವಳಲ್ಲ. ಅವಳು ತಲೆಯೆತ್ತಿ ನಡೆಯುತ್ತಿದ್ದದ್ದು ಆ ಕೈಗುಣದ ಮೇಲೆ.

ನನ್ನ ಆಟಕ್ಕೆ ಮನೆಯಲ್ಲಿದ್ದ ಒಂದೇ ಒಂದು ಬೆಂಬಲವೂ ಅವಳೇ. ಅವ್ವನ ಪ್ರಕಾರ ಗಂಡುಬೀರಿಯಂತೆ ಓಡುವ ಹುಡುಗಿಯನ್ನು ಯಾರೂ ಸೊಸೆಯಾಗಿ ತರುವುದಿಲ್ಲ. ಅತ್ತಿಗೆ ಮಾತ್ರ "ಓಡ್ಲಿ ಬುಡತ್ತೆ, ನಮ್ಮನೆ ಎಣ್ಣುಮಗಳು ಪೇಪರ್‌ನಾಗೆ ಬರ್ಲಿ," ಅನ್ನುತ್ತಿದ್ದಳು. ಮನೆಯಲ್ಲಿ ರೈಫಲ್ ಇರಲಿಲ್ಲವಲ್ಲ, ಗುದ್ದಲಿ ಕಾವಿಗೆ ಕಲ್ಲು ಕಟ್ಟಿ ಭಾರ ಮಾಡಿಕೊಟ್ಟವಳು ಅವಳು. ನಾನು ಸೊಪ್ಪಿನ ತೋಟದ ಅಂಚಿನಲ್ಲಿ ಬೋರಲು ಮಲಗಿ ಗುರಿ ಹಿಡಿದರೆ, ಆ ಕಾವಿನ ತುದಿಯಲ್ಲಿ ಒಂದು ಬೆಣಚುಕಲ್ಲು ಇಟ್ಟು ಎದುರು ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಕಲ್ಲು ಬಿದ್ದರೆ ಕೈ ಅಲ್ಲಾಡಿತು ಅಂತ ಲೆಕ್ಕ. "ಬಿತ್ತು ಕಣವ್ವ, ಓಗು, ಮರ ಸುತ್ಕಂಡ್ ಬಾ," ಅಂತ ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ಆಯ್ಕೆಯ ಓಟದ ಸುದ್ದಿ ಬಂತು. ಕನಕಪುರದಾಚೆಯ ಒಂದು ಬಂಡೆ ಬಯಲಿನಲ್ಲಿ, ಭಾನುವಾರ. ಅದರಲ್ಲಿ ಮೊದಲು ಬಂದವಳನ್ನು ಉತ್ತರದ ಹಿಮದ ಶಿಬಿರಕ್ಕೆ ಕಳಿಸುತ್ತಾರೆ. ನನ್ನ ತಲೆಯಲ್ಲಿ ಬೇರೆ ಏನೂ ಉಳಿಯಲಿಲ್ಲ. ಹುಳ ನಾಲ್ಕನೇ ಜ್ವರ ಎದ್ದು ಹಗಲೂ ರಾತ್ರಿ ಮೇಯುತ್ತಿದ್ದ ವಾರವೂ ಅದೇ. ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿತ್ತು.

ನನಗೆ ಅಡ್ಡ ಬಂದದ್ದು ಇರುವೆ. ತೋಟದ ಅಂಚಿನಲ್ಲಿ ಕೆಂಪಿರುವೆ ಬಿಲ ತುಂಬ. ಬೋರಲು ಮಲಗಿದ ಎರಡು ನಿಮಿಷಕ್ಕೆ ಮೊಣಕೈ, ಕಿಬ್ಬೊಟ್ಟೆ ಎಲ್ಲ ಕಡಿದು ಬೆಣಚುಕಲ್ಲು ಉರುಳುತ್ತಿತ್ತು. ಜಾಗ ಬದಲಿಸಿದರೆ ಆಗುತ್ತಿತ್ತು. ಆದರೆ ಮಟ್ಟಸ ನೆಲ ಅದೊಂದೇ, ನನಗೆ ತಾಳ್ಮೆಯೂ ಇರಲಿಲ್ಲ. ಸೋಮವಾರ ರಾಮನಗರದ ಅಂಗಡಿಯಲ್ಲಿ ಇರುವೆ ಪುಡಿಯ ಪೊಟ್ಟಣ ಕೊಂಡು, ಮನೆಗೆ ತರದೆ ಹುಲ್ಲಿನ ಮೆದೆಯಲ್ಲಿ ಸಿಕ್ಕಿಸಿಟ್ಟೆ. ಮಂಗಳವಾರ ಸಂಜೆ ಅತ್ತಿಗೆ ಹೊರಗಾಗಿ ಚಪ್ಪರದಲ್ಲಿದ್ದಳು, ನಾನೊಬ್ಬಳೇ ತೋಟಕ್ಕೆ ಹೋದೆ. ಮಲಗಲು ಒಂದು ಗೋಣಿತಾಟು ಬೇಕಿತ್ತು. ಸೊಪ್ಪು ಬಾಡದಿರಲಿ ಅಂತ ನೆನೆಸಿ ಮುಚ್ಚುವ ತಾಟುಗಳು ಮನೆಯ ಹಿಂದೆ ರಾಶಿಯಿದ್ದವು, ಒಂದನ್ನು ಎಳೆದುಕೊಂಡೆ. ನೆಲಕ್ಕೆ ಪುಡಿ ಉದುರಿಸಿದೆ, ತಾಟಿನ ಮೇಲೂ ಧಾರಾಳವಾಗಿ ಉದುರಿಸಿದೆ. ಆ ಸಂಜೆ ಒಂದು ಇರುವೆಯೂ ಸುಳಿಯಲಿಲ್ಲ, ಕಲ್ಲು ಬೀಳಲಿಲ್ಲ. ಕುಣಿದಾಡಿಕೊಂಡು ಎದ್ದು ತಾಟನ್ನು ನಾಲ್ಕು ಸಲ ಕೊಡವಿ, ತೆಗೆದುಕೊಂಡ ಜಾಗಕ್ಕೇ ಎಸೆದೆ. ಕೊಡವಿದ್ದೇನಲ್ಲ ಅಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನದ ಮೇವು ನನ್ನ ಪಾಲಿನದು. ಅವ್ವ, ಅಣ್ಣ ದೂರದ ತೋಟದಲ್ಲಿ ಸಂಜೆಗೆ ಸೊಪ್ಪು ಕೊಯ್ಯಲು ಹೋಗಿದ್ದರು. ಮೇಷ್ಟ್ರು ಅದೇ ಹೊತ್ತಿಗೆ ಬಾ, ಇವತ್ತು ನಿಜವಾದ ಗುಂಡು ಹೊಡೆಸುತ್ತೇನೆ ಅಂದಿದ್ದರು. ನಾನು ಚಪ್ಪರಕ್ಕೆ ಹೋಗಿ ಅತ್ತಿಗೆಯ ಮುಂದೆ ಕೂತೆ.

"ಬ್ಯಾಡ ಕಣವ್ವ, ನಾನ್ ಒರಗಾಗಿವ್ನಿ. ಹುಳಕ್ಕೆ ಆಯ್ತದಾ?" ಅಂದಳು.

"ಅದೆಲ್ಲ ಮೂಢನಂಬಿಕೆ ಅತ್ಗೆ. ಹುಳಕ್ಕೇನ್ ಗೊತ್ತಾಯ್ತದೆ? ಒಂದು ಮೇವು ತಾನೆ, ಹಾಕ್ಬುಡು. ಯಾರ್ಗೂ ಗೊತ್ತಾಗಕಿಲ್ಲ."

ಕಾಲೇಜಿನಲ್ಲಿ ಕೇಳಿದ ಪಾಠವನ್ನೆಲ್ಲ ಅವಳ ಮುಂದೆ ಸುರಿದೆ. ವಿಜ್ಞಾನ ಅಂದೆ, ದೇಹಧರ್ಮ ಅಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಮುಖ ನೋಡಿ ಕರಗಿದಳು. "ಎರಡು ಬಿಂದ್ಗೆ ನೀರು ಉಯ್ಕಂಡು ಓಯ್ತೀನಿ. ನೀನು ಒಂಟೋಗು, ಬಸ್ಸು ತಪ್ಪೋಯ್ತದೆ," ಅಂದಳು. ನಾನು ಹಿಂತಿರುಗಿ ನೋಡದೆ ಓಡಿದೆ. ಆವತ್ತು ಹತ್ತರಲ್ಲಿ ಒಂಬತ್ತು ಹೊಡೆದೆ.

ಸಂಜೆ ಹಿತ್ತಿಲ ಬಾಗಿಲಿಂದ ಮೆಲ್ಲಗೆ ಮನೆಗೆ ಬಂದಾಗ ಅವ್ವ ಹುಳದ ಮನೆಯ ನಡುವೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು. ತಟ್ಟೆ ತಟ್ಟೆಯಲ್ಲೂ ಹುಳ ತಲೆಯೆತ್ತಿ ಆ ಕಡೆ ಈ ಕಡೆ ತೂಗುತ್ತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಬೆರಳುದ್ದ ಇದ್ದ ಹುಳ ಸೊಟ್ಟಗೆ ಮುದುರಿಕೊಂಡು ಅರ್ಧವಾಗಿದ್ದವು. "ಇದು ಔಷ್ದಿ ಬಿದ್ದಿರೋ ಹಂಗೈತೆ ಕಣವ್ವ. ಯಾವನ್ಲಾ ಹೊಡ್ದೋನು?" ಅಂತ ಅಣ್ಣ ಅಕ್ಕಪಕ್ಕದ ತೋಟದವರನ್ನು ಕೇಳಲು ಓಡಿದ. ಮೂಲೆಯಲ್ಲಿ ಮಿಕ್ಕ ಸೊಪ್ಪಿನ ಮೇಲೆ ಒದ್ದೆ ತಾಟು ಮುಚ್ಚಿತ್ತು. ಬಗ್ಗಿ ಮೂಸಿದೆ. ಅದೇ ಘಾಟು. ನೆಯ್ಗೆಯ ಸಂದಿಯಲ್ಲಿ ಪುಡಿ ನೆನೆದು ಬಿಳಿ ಮೆತ್ತಿಕೊಂಡಿತ್ತು. ಎಲ್ಲ ಒಂದೇ ಚಣದಲ್ಲಿ ಗೊತ್ತಾಯಿತು: ನನ್ನ ಪುಡಿ ಸೊಪ್ಪಿಗೆ ಇಳಿದಿದೆ, ಆ ಸೊಪ್ಪನ್ನು ಅತ್ತಿಗೆಯ ಕೈಯಲ್ಲಿ ನಾನೇ ಹಾಕಿಸಿದ್ದೇನೆ.

ಹೇಳುವುದಕ್ಕೆ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅಣ್ಣ ವಾಪಸು ಬಂದು, ಸುತ್ತ ಯಾರೂ ಔಷಧಿ ಹೊಡೆದಿಲ್ಲವಂತೆ ಅಂದ. ಅವನ ಹಿಂದೆಯೇ ಬಂದ ಪಕ್ಕದ ಮನೆಯ ಮುದುಕಿ ತಟ್ಟೆಗಳನ್ನು ನೋಡಿ, "ನಿಮ್ಮನೇಲಿ ಯಾರಮ್ಮಿ ಒರಗಾಗಿರೋರು?" ಅಂತ ಅವ್ವನನ್ನು ಕೇಳಿದಳು. ಅವ್ವ ಚಪ್ಪರದ ಕಡೆ ತಿರುಗಿದಳು.

"ಏನಮ್ಮಿ, ಒಳಿಕ್ಕೆ ಬಂದಿದ್ದಾ?"

ಅತ್ತಿಗೆ ಎದ್ದು ನಿಂತಳು. ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಬಂದಿದ್ದೆ ಅತ್ತೆ. ಮದ್ಯಾನ್ದ ಮೇವು ನಾನೇ ಹಾಕ್ದೆ."

"ಇವ್ಳೆಲ್ಲಿ ಓಗಿದ್ಲು?" ಅಂತ ಅವ್ವ ನನ್ನ ಕಡೆ ಕೈ ತೋರಿದಳು.

"ತಲೆನೋವು ಅಂತಿದ್ಲು. ನಾನೇ ಮನಿಕ್ಕೋ ಅಂದೆ."

ಹೇಳಬೇಕಾದದ್ದು ನನ್ನ ಹೆಸರು. ಅವಳು ಅದನ್ನೂ ಬಿಟ್ಟುಕೊಡಲಿಲ್ಲ. ನಾನು ಹೋದದ್ದು ಗೊತ್ತಾದರೆ ಭಾನುವಾರದ ಓಟಕ್ಕೆ ಕಳಿಸುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ನನಗೂ ಅದೇ ಯೋಚನೆ ಬಂತು, ನಾಚಿಕೆಯಿಲ್ಲದೆ ಬಂತು. ಮಧ್ಯಾಹ್ನ ಮೂಢನಂಬಿಕೆ ಅಂತ ಭಾಷಣ ಬಿಗಿದವಳು ಸಂಜೆ ಅದೇ ಮೂಢನಂಬಿಕೆಯ ಮರೆಯಲ್ಲಿ ಅಡಗಿ ನಿಂತೆ. ಅವ್ವ ಅವಳ ಏಳು ತಲೆಮಾರನ್ನು ಎತ್ತಾಡಿದಳು. ಅಣ್ಣ ಬೈಯಲೂ ಇಲ್ಲ, ಹೆಂಡತಿಯ ಮುಖ ನೋಡಲೂ ಇಲ್ಲ, ಸತ್ತ ಹುಳ ತುಂಬಿದ ಮಂಕರಿ ಹೊತ್ತು ತಿಪ್ಪೆಯ ಕಡೆ ಹೋದ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಆ ತಾಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಓಡಿದೆ. ಮೆದೆಯಲ್ಲಿದ್ದ ಪೊಟ್ಟಣವನ್ನೂ ಅದರೊಳಗೆ ಸೇರಿಸಿದೆ. ದಾರಿಯಲ್ಲಿ ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಕ್ವಾರಿಯಿತ್ತು, ಆಳದಲ್ಲಿ ಪಾಚಿಗಟ್ಟಿದ ನೀರು. ತಾಟಿಗೆ ಚಪ್ಪಡಿ ಕಟ್ಟಿ ಅದರೊಳಗೆ ಮುಳುಗಿಸಿದೆ. ಆಮೇಲೆ ರಾಮನಗರದವರೆಗೆ ಎಂದಿನಂತೆ ಓಡಿದೆ, ಎಂದಿನದಕ್ಕಿಂತ ಬೇಗ ತಲುಪಿದೆ.

ಭಾನುವಾರ ಕನಕಪುರಕ್ಕೆ ಬಸ್ಸು ಹತ್ತುವಾಗ ಮನೆಯಿಂದ ಮಾತಾಡಿಸಿದವಳು ಅತ್ತಿಗೆ ಒಬ್ಬಳೇ. ಅತ್ತು ಅತ್ತು ಕಣ್ಣು ಊದಿತ್ತು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿ ಕೊಟ್ಟು, "ಉಸ್ರು ಬುಟ್ಟು ಒಡಿ," ಅಂದಳು. ಮೇಷ್ಟ್ರ ಮಾತನ್ನು ನನ್ನಿಂದ ಕೇಳಿ ಕಲಿತಿದ್ದಳು. ರೊಟ್ಟಿಯನ್ನು ಬಸ್ಸಿನಲ್ಲಿ ಬಿಚ್ಚಿದೆ, ತಿನ್ನಲಾಗದೆ ಮತ್ತೆ ಕಟ್ಟಿಟ್ಟೆ.

ಹದಿನಾಲ್ಕು ಹುಡುಗಿಯರಿದ್ದೆವು. ಬಂಡೆ ಕಾದು ಶೂ ಒಳಗೆ ಪಾದ ಬೇಯುತ್ತಿತ್ತು. ಮೊದಲ ಓಟ ಮುಗಿಸಿ ಬಂದಾಗ ನಾನು ನಾಲ್ಕನೆಯವಳು. ಬೋರಲು ಬಿದ್ದು ರೈಫಲ್ ಕೆನ್ನೆಗೆ ಒತ್ತಿದೆ. ಕಣ್ಣ ಮುಂದೆ ಹುಳಗಳು ತಲೆ ತೂಗುತ್ತವೆ, ಕೈ ನಡುಗುತ್ತದೆ, ಐದೂ ತಪ್ಪುತ್ತವೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹಾಗೆ ಆಗಲಿ ಅಂತ ಆಸೆಯೂ ಇತ್ತು, ಸೋತರೆ ಲೆಕ್ಕ ಚುಕ್ತಾ ಆದೀತೆಂದು. ಕೈ ನಡುಗಲೇ ಇಲ್ಲ. ಐದಕ್ಕೆ ಐದು. ಎರಡನೇ ಸಲವೂ ಐದಕ್ಕೆ ಐದು. ನನಗಿಂತ ಜೋರಾಗಿ ಓಡುವವರು ತಪ್ಪಿದ ಗುಂಡುಗಳಿಗಾಗಿ ಸುತ್ತು ಹಾಕುತ್ತಿದ್ದಾಗ ನಾನು ಗೆರೆ ದಾಟಿದ್ದೆ. ನನ್ನ ಸುತ್ತುಗಳನ್ನು ಓಡುತ್ತಿದ್ದವಳು ಊರಲ್ಲಿದ್ದಳು. ಮೇಷ್ಟ್ರು ಬೆನ್ನು ತಟ್ಟಿ, ಕಣ್ಣೊರೆಸಿಕೊಂಡರು. ಆ ದಿನದ ನನ್ನ ಕೈಗಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ಚಳಿಗಾಲ ಹಿಮದ ಶಿಬಿರದಲ್ಲಿ ಕಳೆದೆ. ಹಲಗೆ ಕಟ್ಟಿಕೊಂಡು ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಹಿಮದಲ್ಲೇ ಹುಟ್ಟಿ ಬೆಳೆದ ಹುಡುಗಿಯರು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಗುರಿಯ ದೆಸೆಯಿಂದ ಒಂದು ಸಲ ಮೂರನೆಯವಳಾಗಿ ಕಂಚಿನ ಪದಕ ತಂದೆ. ಪೇಪರಿನಲ್ಲಿ ಬೆರಳಗಲದ ಫೋಟೋ ಬಂತು. ಅತ್ತಿಗೆ ಅದನ್ನು ಕತ್ತರಿಸಿ ಗೋಡೆಯ ದೇವರ ಪಟದ ಪಕ್ಕ ಅಂಟಿಸಿದಳು. ಆಮೇಲೆ ಮಂಡಿ ಕೈಕೊಟ್ಟಿತು, ಚನ್ನಪಟ್ಟಣದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆದೆ, ಅಲ್ಲೇ ಮದುವೆಯಾಗಿ ಉಳಿದೆ.

ಅಷ್ಟು ವರ್ಷವೂ ಅತ್ತಿಗೆ ಹುಳದ ಮನೆಯ ಒಳಗೆ ಕಾಲಿಡಲಿಲ್ಲ. ಮುಟ್ಟಿನ ದಿನ ಮಾತ್ರವಲ್ಲ, ಯಾವ ದಿನವೂ. ಮೊದಲು ಅವ್ವ ಬಿಡಲಿಲ್ಲ, ಆಮೇಲೆ ಅವಳೇ ಹೋಗಲಿಲ್ಲ. ಸೊಪ್ಪಿನ ಮಂಕರಿಯನ್ನು ಹೊಸ್ತಿಲವರೆಗೆ ಹೊತ್ತು ತಂದು ಇಳಿಸಿ, ಅಲ್ಲಿಂದಲೇ ತಿರುಗುತ್ತಿದ್ದಳು. ಮೊದಲ ಸೊಪ್ಪು ಹಾಕಿಸಲು ಯಾರೂ ಅವಳನ್ನು ಕರೆಯಲು ಬರಲಿಲ್ಲ. ಗಂಜಿ ಹಾಕಿದ ಸೀರೆ ಪೆಟ್ಟಿಗೆ ಸೇರಿತು. ನಾನು ಊರಿಗೆ ಹೋದಾಗಲೆಲ್ಲ ಇದನ್ನು ನೋಡುತ್ತಿದ್ದೆ. ಈ ಸಲ ಹೇಳಿಬಿಡುತ್ತೇನೆ ಅಂತ ಹೋಗಿ, ಹೇಳದೆ ಬರುತ್ತಿದ್ದೆ. ಮೊದಲು ಓಟಕ್ಕಾಗಿ ಸುಮ್ಮನಿದ್ದೆ, ಆಮೇಲೆ ಶಿಬಿರಕ್ಕಾಗಿ, ಆಮೇಲೆ ಮದುವೆಗಾಗಿ. ಕಡೆಗೆ ಯಾವ ಕಾರಣವೂ ಉಳಿದಿರಲಿಲ್ಲ, ಬರೀ ಹೇಡಿತನ ಉಳಿದಿತ್ತು.

ಅವ್ವ ತೀರಿಕೊಂಡ ಮರುವರ್ಷ ಕೊನೆಗೂ ಹೇಳಿದೆ. ಅತ್ತಿಗೆಯ ಮಗನಿಗೆ ಮದುವೆಯಾಗಿ ಸೊಸೆ ಬಂದಿದ್ದಳು. ಮಧ್ಯಾಹ್ನ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದೆ, ಅತ್ತಿಗೆ ಬಡಿಸುತ್ತಿದ್ದಳು. "ಅತ್ಗೆ, ಆವತ್ತು ಹುಳ ಸತ್ತಿದ್ದು ನಿನ್ನಿಂದಲ್ಲ, ನನ್ನಿಂದ," ಅಂತ ಶುರು ಮಾಡಿ ಇರುವೆ, ಪುಡಿ, ತಾಟು, ಕ್ವಾರಿ ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವಳು ಬೈಯಲಿ, ತಟ್ಟೆ ಕಿತ್ತುಕೊಳ್ಳಲಿ, ಮನೆಯಿಂದಾಚೆ ನಡಿ ಅನ್ನಲಿ ಅಂತ ಕಾದು ಕೂತೆ.

ಅತ್ತಿಗೆ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. "ಇನ್ನೂವೆ ಅದ್ನ ತಲೇಲಿಟ್ಕಂಡಿದ್ದೀಯಾ? ನನ್ ಸಂಕಟ ಒಸಿ ಕಡ್ಮೆಯಾಗ್ಲಿ ಅಂತ ಎಂತಾ ಕತೆ ಕಟ್ಕಂಡ್ ಬಂದಿದ್ದೀಯವ್ವ!"

"ಕತೆ ಅಲ್ಲತ್ಗೆ. ನಿನ್ ಮಗನ ಆಣೆಗೂ ನಿಜ."

"ಆಣೆ ಮಾಡ್ಬ್ಯಾಡ, ಸುಮ್ಕಿರು." ಅವಳ ದನಿ ಮೆತ್ತಗಿತ್ತು, ನಂಬುವ ಲಕ್ಷಣ ಮಾತ್ರ ಇರಲಿಲ್ಲ. "ನಾನ್ ಕಣ್ಣಾರೆ ಕಂಡಿವ್ನಿ. ನನ್ ಕೈ ಮೇವು ತಿಂದೇ ಸತ್ತೋ. ದ್ಯಾವ್ರು ಕೈಗುಣ ಕೊಟ್ಟಿದ್ದ, ನಾನೇ ಕಳ್ಕಂಡೆ. ಅದುಕ್ಕೇ ಸೊಸೆಗೂ ಹೇಳಿವ್ನಿ, ಆ ಮೂರ್ ದಿನ ಆ ಕಡೆ ತಲೆನೂ ಹಾಕ್ಬ್ಯಾಡ ಅಂತ."

ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ, "ನೋಡಮ್ಮಿ, ನಮ್ಮನೆ ಎಣ್ಣುಮಗಳ್ನ. ಇಷ್ಟು ವರ್ಸ ಆದ್ಮ್ಯಾಲೂ ನನ್ ತಪ್ಪ ತನ್ ತಲೆ ಮ್ಯಾಲೆ ಹಾಕ್ಕಳಕ್ಕೆ ಬಂದವ್ಳೆ. ಈ ಕಾಲ್ದಾಗೆ ಇಂತೋರು ಎಲ್ಲವ್ರೆ?" ಅಂದಳು. ಸೊಸೆ ನನ್ನನ್ನು ಗೌರವದಿಂದ ನೋಡಿದಳು. ಅತ್ತಿಗೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ಸಾರು ಬಿಟ್ಟು, ನೂರು ಕಾಲ ಚೆನ್ನಾಗಿರವ್ವ ಅಂತ ಹರಸಿದಳು. ನಾನು ತಲೆ ತಗ್ಗಿಸಿ ಅದನ್ನೂ ಉಂಡೆ.